ನಮ್ಮದು ಕನ್ನಡ ಮೇಲಿಂಗ್ ಲಿಸ್ಟ್, ಹೋಸ್ಟಿಂಗ್ ಜೊತೆ ಬಂದ ಮೇಲ್‌ಮ್ಯಾನ್ ಎಂಬ ತಂತ್ರಾಂಶದಲ್ಲಿ ನಡೆಯುತ್ತದೆ. ಅದರಲ್ಲಿ ಅರ್ಧ ಜನಕ್ಕೆ ಮೇಲ್ ಹೋಗುತ್ತಿಲ್ಲ. ಎಲ್ಲರನ್ನೂ ತೆಗೆದು ಮತ್ತೆ ಸೇರಿಸಿದರೆ ಸರಿಹೋಗುತ್ತಾ, ಇಲ್ಲ ವಾಟ್ಸಾಪ್‌ಗೆ ಹೋಗೋದೇ ಒಳ್ಳೇದಾ?

ತೆಗೆದು ಮತ್ತೆ ಸೇರಿಸಬೇಡಿ. ಮಿಕ್ಕಿದ್ದನ್ನು ನಿಧಾನಕ್ಕೆ ಓದಿ, ಆದರೆ ಇದೊಂದನ್ನು ಮಾತ್ರ ಇವತ್ತು ಮಾಡಬೇಡಿ. ನಾನು ಮಾಡಿದ್ದು ಅದನ್ನೇ.

ಬಸವನಗುಡಿಯಲ್ಲಿ ನಮ್ಮದೊಂದು ಹಳಗನ್ನಡ ಓದುವ ಬಳಗ. ತಿಂಗಳಿಗೊಂದು ಭಾನುವಾರ ಸೇರುತ್ತೇವೆ, ಉಳಿದ ದಿನ ಪದ್ಯ, ಅರ್ಥ, ಚರ್ಚೆ ಎಲ್ಲ ಮೇಲಿಂಗ್ ಲಿಸ್ಟ್‌ನಲ್ಲೇ. 214 ಜನ. ನಿಮ್ಮ ಹಾಗೆಯೇ ಹೋಸ್ಟಿಂಗ್ ಜೊತೆ ಬಂದ ಮೇಲ್‌ಮ್ಯಾನ್ 2.1. ಒಂದು ವಾರ ಫೋನ್ ಮೇಲೆ ಫೋನ್: "ಏನ್ರೀ, ಲಿಸ್ಟ್ ನಿಲ್ಲಿಸಿಬಿಟ್ರಾ?" ಅಡ್ಮಿನ್ ಪುಟದಲ್ಲಿ ಸದಸ್ಯರ ಪಟ್ಟಿ ತೆರೆದರೆ ಎಲ್ಲರ ಹೆಸರೂ ಇದೆ. ಆದರೆ 'ನೋಮೇಲ್' ಕಾಲಂನಲ್ಲಿ 131 ಹೆಸರುಗಳಿಗೆ ಟಿಕ್ ಬಿದ್ದಿದೆ, ಟಿಕ್ ಪಕ್ಕ ಚೌಕ ಆವರಣದೊಳಗೆ ಇಂಗ್ಲಿಷಿನ 'ಬಿ' ಅಕ್ಷರ.

ಅಲ್ಲಿ 'ಯು' ಇದ್ದರೆ ಸದಸ್ಯರೇ ಮೇಲ್ ನಿಲ್ಲಿಸಿಕೊಂಡಿದ್ದಾರೆ ಎಂದರ್ಥ. 'ಎ' ಇದ್ದರೆ ಅಡ್ಮಿನ್ ನಿಲ್ಲಿಸಿದ್ದು. 'ಬಿ' ಇದ್ದರೆ ಬೌನ್ಸ್, ಅಂದರೆ ತಲುಪದೆ ವಾಪಸು ಬಂದ ಮೇಲ್, ಹೆಚ್ಚಾಗಿ ಮೇಲ್‌ಮ್ಯಾನ್ ತಾನೇ ನಿಲ್ಲಿಸಿದ್ದು. ನನಗಾಗ ಇದು ಗೊತ್ತಿರಲಿಲ್ಲ. ಪಟ್ಟಿ ಕೆಟ್ಟಿದೆ, ಹೊಸದಾಗಿ ಸೇರಿಸಿದರಾಯಿತು ಅಂದುಕೊಂಡೆ. ಮಾಸ್ ರಿಮೂವಲ್‌ಗೆ ಹೋಗಿ ಎಲ್ಲರನ್ನೂ ತೆಗೆದೆ. ಮಾಸ್ ಸಬ್‌ಸ್ಕ್ರಿಪ್ಷನ್‌ಗೆ ಬಂದು ಹಳೆಯ ಎಕ್ಸೆಲ್ ಹಾಳೆಯಲ್ಲಿದ್ದ 237 ವಿಳಾಸಗಳನ್ನು ಅಂಟಿಸಿ, 'ಇನ್ವೈಟ್' ಬಿಟ್ಟು 'ಸಬ್‌ಸ್ಕ್ರೈಬ್' ಆರಿಸಿ ಒತ್ತಿದೆ.

ಇದರಿಂದ ಆದದ್ದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಇನ್ನೂ ಒತ್ತಿಲ್ಲ. ಮೊದಲನೆಯದು, ಸದಸ್ಯರನ್ನು ತೆಗೆದ ಕ್ಷಣವೇ ಅವರ ಬೌನ್ಸ್ ಲೆಕ್ಕವೂ ಅಳಿಸಿಹೋಯಿತು. ರೋಗ ಯಾವುದೆಂದು ತೋರಿಸುವ ಗುರುತೇ ಹೋಯಿತು. ಎರಡನೆಯದು, 237ರಲ್ಲಿ 23 ಜನ ತಾವಾಗಿಯೇ ಲಿಸ್ಟ್ ಬಿಟ್ಟಿದ್ದವರು, ಅವರನ್ನು ಕೇಳದೆ ಮತ್ತೆ ಎಳೆದುತಂದ ಹಾಗಾಯಿತು. ಮೂರನೆಯದು, ಡೈಜೆಸ್ಟ್ (ಹಲವು ಪೋಸ್ಟ್ ಸೇರಿಸಿದ ಒಂದೇ ಮೇಲ್) ಬೇಕೆಂದವರು, ಊರಿಗೆ ಹೋಗುವಾಗ ಮೇಲ್ ನಿಲ್ಲಿಸಿಕೊಂಡವರು, ಎಲ್ಲರ ಆಯ್ಕೆಯೂ ಮೊದಲ ಸ್ಥಿತಿಗೆ ಬಂತು. ನಾಲ್ಕನೆಯದೇ ದುಬಾರಿ. ಅಷ್ಟೂ ಜನಕ್ಕೆ ಒಂದೇ ಹೊತ್ತಿಗೆ, ಇಂಗ್ಲಿಷಿನಲ್ಲಿ, ಪಾಸ್‌ವರ್ಡ್ ಸಮೇತ ಸ್ವಾಗತ ಪತ್ರ ಹೋಯಿತು. ನೋಡಿದವರಿಗೆ ಮೋಸದ ಮೇಲ್ ಅನ್ನಿಸಿದರೆ ಅದು ಅವರ ತಪ್ಪಲ್ಲ. ಹಲವರು ಸ್ಪ್ಯಾಮ್ ಒತ್ತಿದರು. ಸ್ಪ್ಯಾಮ್ ದೂರು ಶೇ. 0.3 ಮುಟ್ಟಬಾರದು ಎಂದು ಜಿಮೇಲ್‌ಗೆ ಮೇಲ್ ಕಳಿಸುವವರಿಗೆ ಗೂಗಲ್ ಹೇಳುತ್ತದೆ. 237 ಜನರ ಲಿಸ್ಟ್‌ನಲ್ಲಿ ಒಬ್ಬರು ಒತ್ತಿದರೇ ಶೇ. 0.42. ಅಲ್ಲಿಂದ ಮೂರು ತಿಂಗಳು ನಮ್ಮ ಡೊಮೇನ್‌ನಿಂದ ಹೊರಟದ್ದೆಲ್ಲ, ಭಾನುವಾರದ ಸಭೆಯ ಕರೆಯೋಲೆಯೂ ಸೇರಿ, ಸ್ಪ್ಯಾಮ್ ಫೋಲ್ಡರಿಗೆ ಬಿತ್ತು.

ಇಷ್ಟೆಲ್ಲ ಆಗಿಯೂ ಹದಿನೈದು ದಿನಕ್ಕೆ ಮತ್ತೆ ಅದೇ 'ಬಿ'.

ಆಮೇಲೆ ಲಿಸ್ಟ್ ಓನರ್ ವಿಳಾಸದ ಡಬ್ಬಿ ತೆರೆದೆ. ಯಾರದೇ ಮೇಲ್ ನಿಲ್ಲಿಸಿದಾಗ ಮೇಲ್‌ಮ್ಯಾನ್ ಓನರ್‌ಗೆ ಒಂದು ಸೂಚನೆ ಕಳಿಸುತ್ತದೆ, ಜೊತೆಗೆ ವಾಪಸು ಬಂದ ಬೌನ್ಸ್ ಪತ್ರವನ್ನೂ ಲಗತ್ತಿಸುತ್ತದೆ. ಅಷ್ಟೂ ಪತ್ರಗಳಲ್ಲಿ ಒಂದೇ ಸಾಲು: 550 5.7.26, ಯಾಹೂ ಡೊಮೇನಿನ ಡಿಮಾರ್ಕ್ ನೀತಿಯ ಪ್ರಕಾರ ಈ ಮೇಲ್ ಸ್ವೀಕರಿಸುವುದಿಲ್ಲ. (ಡಿಮಾರ್ಕ್ ಅಂದರೆ ತನ್ನ ಹೆಸರಿನಲ್ಲಿ ಬಂದ ಮೇಲ್ ಅಸಲಿ ಎಂದು ಸಾಬೀತಾಗದಿದ್ದರೆ ಏನು ಮಾಡಬೇಕೆಂದು ಡೊಮೇನ್ ಹೇಳುವ ನಿಯಮ.) ನಮ್ಮಲ್ಲಿ ಯಾಹೂ ವಿಳಾಸದಿಂದ ಬರೆಯುತ್ತಿದ್ದವರು ಒಬ್ಬರೇ. ನಿವೃತ್ತ ಮೇಷ್ಟ್ರು, ಪ್ರತಿ ಸೋಮವಾರ ಮತ್ತು ಗುರುವಾರ ಒಂದೊಂದು ಪದ್ಯಕ್ಕೆ ಅರ್ಥ ಬರೆದು ಕಳಿಸುತ್ತಿದ್ದರು.

ಇದು ಹೇಗೆ ನಡೆಯುತ್ತದೆಂದು ಕೇಳಿ. ಮೇಷ್ಟ್ರ ಮೇಲ್ ಮೊದಲು ನಮ್ಮ ಸರ್ವರಿಗೆ ಬರುತ್ತದೆ, ಅಲ್ಲಿಂದ ಮೇಲ್‌ಮ್ಯಾನ್ ಅದನ್ನು ಎಲ್ಲರಿಗೂ ಹೊಸದಾಗಿ ರವಾನಿಸುತ್ತದೆ. 'ಫ್ರಮ್' ಸಾಲಿನಲ್ಲಿ ಯಾಹೂ ವಿಳಾಸ, ಕಳಿಸುತ್ತಿರುವ ಸರ್ವರ್ ಮಾತ್ರ ನಮ್ಮದು. ಹಾಗಾಗಿ ಎಸ್‌ಪಿಎಫ್ ಪರೀಕ್ಷೆ, ಅಂದರೆ ಕಳಿಸುತ್ತಿರುವ ಸರ್ವರಿಗೆ ಆ ಡೊಮೇನಿನ ಅನುಮತಿ ಇದೆಯೇ ಎಂಬ ಪರೀಕ್ಷೆ, ನಮ್ಮ ಡೊಮೇನಿನ ಹೆಸರಿನಲ್ಲಿ ಪಾಸಾದರೂ ಯಾಹೂಗೆ ತಾಳೆಯಾಗುವುದಿಲ್ಲ. ಉಳಿದದ್ದು ಡಿಕಿಮ್, ಅಂದರೆ ಯಾಹೂ ಹಾಕಿದ ಮೊಹರು. ಆ ಮೊಹರು ವಿಷಯದ ಸಾಲು, ಒಳಗಿನ ಬರಹ ಎರಡಕ್ಕೂ ಸೇರಿ ಬಿದ್ದಿರುತ್ತದೆ. ಲಿಸ್ಟ್ ಏನು ಮಾಡುತ್ತದೆ? ವಿಷಯದ ಮುಂದೆ ಲಿಸ್ಟಿನ ಹೆಸರು, ಬರಹದ ಕೆಳಗೆ ಅಡಿಟಿಪ್ಪಣಿ ಸೇರಿಸುತ್ತದೆ. ಮೊಹರು ಒಡೆಯಿತು. ಎರಡೂ ಸೋತಾಗ ಏನು ಮಾಡಬೇಕೆಂದು ಡಿಮಾರ್ಕ್ ಹೇಳುತ್ತದೆ, ಯಾಹೂ 2014ರ ಏಪ್ರಿಲ್‌ನಿಂದ ಹೇಳುತ್ತಿರುವುದು 'ತಿರಸ್ಕರಿಸಿ' ಎಂದು. ಅದು ತಮ್ಮ ಬಳಕೆದಾರರ ಹೆಸರಿನಲ್ಲಿ ಕಳ್ಳ ಮೇಲ್ ಹೋಗದಿರಲಿ ಎಂಬ ಕಾವಲು, ಅದನ್ನು ನಾನು ಆಕ್ಷೇಪಿಸುವುದಿಲ್ಲ. ಜಿಮೇಲ್ ವಿಳಾಸದಿಂದ ಬರೆದವರ ಪೋಸ್ಟಿಗೆ ಇಂಥ ಕಟ್ಟಪ್ಪಣೆ ಇರಲಿಲ್ಲ, ಅವು ಸಲೀಸಾಗಿ ಹೋಗುತ್ತಿದ್ದವು.

ಬೌನ್ಸ್ ಆದದ್ದು ಮೇಷ್ಟ್ರ ಪೋಸ್ಟ್, ಆದರೆ ಮೇಲ್‌ಮ್ಯಾನ್ ಅದನ್ನು ಬರೆದುಕೊಳ್ಳುವುದು ಪಡೆಯಬೇಕಿದ್ದ ಸದಸ್ಯರ ಖಾತೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಅದೇ. ಒಂದು ಗಟ್ಟಿ (ಶಾಶ್ವತವಾಗಿ ತಿರಸ್ಕೃತವಾದ) ಬೌನ್ಸಿಗೆ 1.0 ಅಂಕ, ದಿನಕ್ಕೆ ಒಂದೇ ಲೆಕ್ಕ, 5.0 ಮುಟ್ಟಿದರೆ ಮೇಲ್ ಬಂದ್. ಏಳು ದಿನಕ್ಕಿಂತ ಹೆಚ್ಚು ಕಾಲ ಬೌನ್ಸ್ ಇಲ್ಲದಿದ್ದರೆ ಲೆಕ್ಕ ಮೊದಲಿಂದ ಶುರು. ಮೇಷ್ಟ್ರು ತಿಂಗಳಿಗೊಮ್ಮೆ ಬರೆಯುತ್ತಿದ್ದರೆ ಏನೂ ಆಗುತ್ತಿರಲಿಲ್ಲ. ಸೋಮ, ಗುರು, ಸೋಮ, ಗುರು, ಮತ್ತೆ ಸೋಮ: ಐದನೇ ಪದ್ಯಕ್ಕೆ 131 ಜನ ಒಟ್ಟಿಗೆ ಹೊರಗೆ. ಡೈಜೆಸ್ಟ್ ತೆಗೆದುಕೊಳ್ಳುತ್ತಿದ್ದವರಿಗೆ ಮಾತ್ರ ಏನೂ ಆಗಿರಲಿಲ್ಲ, ಯಾಕೆಂದರೆ ಡೈಜೆಸ್ಟ್ ಲಿಸ್ಟಿನ ಸ್ವಂತ ವಿಳಾಸದಿಂದಲೇ ಹೊರಡುತ್ತದೆ. ನಿಮ್ಮಲ್ಲೂ ಡೈಜೆಸ್ಟ್‌ನವರನ್ನು ಕೇಳಿ ನೋಡಿ. ಅವರಿಗೆ ಬರುತ್ತಿದೆ ಅಂದರೆ ಕಾಯಿಲೆ ಬಹುಪಾಲು ಇದೇ.

ಆದರೂ ಊಹೆ ಬೇಡ, ಬೌನ್ಸ್ ಪತ್ರ ತೆರೆದು ಸಂಖ್ಯೆ ಓದಿ. 5.1.1 ಇದ್ದರೆ ಆ ವಿಳಾಸವೇ ಇಲ್ಲ, ಅಂಥವರನ್ನು ತೆಗೆಯಿರಿ. 5.2.2 ಇದ್ದರೆ ಡಬ್ಬಿ ತುಂಬಿದೆ, ಅವರಿಗೊಂದು ಫೋನ್ ಮಾಡಿ. 5.7.26, ಅಥವಾ ಡಿಮಾರ್ಕ್ ಎಂಬ ಪದ ಕಂಡರೆ ಮುಂದಿನದು ನಿಮಗೆ.

ಪ್ರೈವಸಿ ಆಪ್ಷನ್ಸ್, ಅದರೊಳಗೆ ಸೆಂಡರ್ ಫಿಲ್ಟರ್ಸ್, ಅಲ್ಲಿ ಡಿಮಾರ್ಕ್ ಮಾಡರೇಶನ್ ಆಕ್ಷನ್. ಅದು 'ಅಕ್ಸೆಪ್ಟ್' ಎಂದಿರುತ್ತದೆ, 'ಮಂಜ್ ಫ್ರಮ್' ಮಾಡಿ. (ಮೇಲ್‌ಮ್ಯಾನ್ 3 ಆದರೆ ಡಿಮಾರ್ಕ್ ಮಿಟಿಗೇಷನ್ಸ್ ಪುಟದಲ್ಲಿ, ಫ್ರಮ್ ಜಾಗಕ್ಕೆ ಲಿಸ್ಟ್ ವಿಳಾಸ ಹಾಕುವ ಆಯ್ಕೆ.) ಇನ್ನು ಮೇಲೆ ಇಂಥ ಬಿಗಿ ಡಿಮಾರ್ಕ್ ನೀತಿ ಇರುವ ಡೊಮೇನಿನಿಂದ ಬಂದ ಪೋಸ್ಟ್ ಮಾತ್ರ 'ಇಂಥವರು ವಯಾ ಲಿಸ್ಟ್' ಎಂದು ಲಿಸ್ಟಿನ ವಿಳಾಸದಿಂದ ಹೋಗುತ್ತದೆ. ಹಾಗೆ ಹೋಗುವುದರಿಂದ ನಿಮ್ಮ ಡೊಮೇನಿನ ಎಸ್‌ಪಿಎಫ್, ಡಿಕಿಮ್ ಸರಿಯಿರಲೇಬೇಕು. ಒಂದು ಯಾಹೂ ಖಾತೆಯಿಂದ ಲಿಸ್ಟಿಗೆ ಬರೆಯಿರಿ, ಜಿಮೇಲ್‌ನಲ್ಲಿ ಆ ಮೇಲ್ ತೆರೆದು ಮೂರು ಚುಕ್ಕಿ ಒತ್ತಿ 'ಶೋ ಒರಿಜಿನಲ್' ನೋಡಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೆಯೂ 'ಪಾಸ್' ಇರಬೇಕು. ಅದಾದ ಮೇಲೆ, ಅದಕ್ಕೆ ಮೊದಲಲ್ಲ, 'ಬಿ' ಇರುವವರ ನೋಮೇಲ್ ಟಿಕ್ ತೆಗೆಯಿರಿ. 'ಯು' ಇರುವವರನ್ನು ಮುಟ್ಟಬೇಡಿ, ಅದು ಅವರ ಇಷ್ಟ.

ಕನ್ನಡ ಲಿಸ್ಟ್ ಅಂದಿದ್ದೀರಿ, ಆದ್ದರಿಂದ ಇನ್ನೊಂದು ಮಾತು. ಮೇಲ್‌ಮ್ಯಾನ್ ತಾನಾಗಿ ಇಟ್ಟಿರುವ ಗಾತ್ರದ ಮಿತಿ 40 ಕೆಬಿ. ಇಂಗ್ಲಿಷಿಗೆ ಅದು ಧಾರಾಳ, ನಮಗೆ ಸಾಲದು. 'ಲಕ್ಷ್ಮಿ' ಎಂಬುದು ಕಣ್ಣಿಗೆ ಎರಡೇ ಅಕ್ಷರ, ಯೂನಿಕೋಡ್‌ನಲ್ಲಿ ಏಳು ಸಂಕೇತ, ಒಂದಕ್ಕೆ ಮೂರರಂತೆ 21 ಬೈಟ್. ಮೇಲ್‌ನಲ್ಲಿ ಬರಹವನ್ನು ಸಾಗಿಸಲು ಎರಡು ರೂಪಗಳಿವೆ: ಬೇಸ್64 ಆಗಿ ಹೋದರೆ 28, ಕೋಟೆಡ್ ಪ್ರಿಂಟಬಲ್ ಆಗಿ ಹೋದರೆ 63. ಜೊತೆಗೆ ಅದೇ ಬರಹದ ಎಚ್‌ಟಿಎಂಎಲ್ ಪ್ರತಿ ಬೇರೆ. ನಾಲ್ಕು ಪುಟದ ವ್ಯಾಖ್ಯಾನಕ್ಕೆ ಯಾರಾದರೂ ಇಡೀ ಮೂಲ ಇಟ್ಟುಕೊಂಡೇ ಉತ್ತರಿಸಿದರೆ ಅದು ಮಾಡರೇಟರ್ ಹತ್ತಿರ ಸಿಕ್ಕಿಬೀಳುತ್ತದೆ, ಅವರು 'ನನ್ನ ಮೇಲ್ ಹೋಗಲಿಲ್ಲ' ಅನ್ನುತ್ತಾರೆ. ಜನರಲ್ ಆಪ್ಷನ್ಸ್‌ನಲ್ಲಿ ಮಿತಿಯನ್ನು 200 ಮಾಡಿ.

ವಾಟ್ಸಾಪ್ ಬಗ್ಗೆ ಕೇಳಿದಿರಿ. ನನ್ನ ಪ್ರಕಾರ ಅದು ಈ ತೊಂದರೆಗೆ ಉತ್ತರವೇ ಅಲ್ಲ. ಸಭೆ ಆರಕ್ಕೋ ಆರೂವರೆಗೋ ಎಂದು ತಿಳಿಸಲು ಅದು ಸಾಕು. ಒಂದು ಪದದ ಅರ್ಥಕ್ಕಾಗಿ ಹನ್ನೆರಡು ಜನ ಎರಡು ವಾರ ವಾದ ಮಾಡಿದ್ದನ್ನು ಮೂರು ವರ್ಷದ ಮೇಲೆ ಹುಡುಕಿ ತೆಗೆಯಬೇಕಾದರೆ ಲಿಸ್ಟಿನ ಆರ್ಕೈವ್ ಬೇಕು. ಮೇಲಾಗಿ ಹೊಸಬರೆಲ್ಲರಿಗೂ ಎಲ್ಲರ ಫೋನ್ ನಂಬರ್ ಹಂಚಿಕೊಡುವುದು ನನಗೆ ಒಪ್ಪಿಗೆಯಿಲ್ಲ.

ಇದನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳಬೇಡಿ. 'ಬಿ' ಬಿದ್ದವರಿಗೆ ಮೇಲ್‌ಮ್ಯಾನ್ ವಾರಕ್ಕೊಂದರಂತೆ ಮೂರು ಎಚ್ಚರಿಕೆ ಕಳಿಸುತ್ತದೆ, ಅವರು ಉತ್ತರಿಸದಿದ್ದರೆ ಪಟ್ಟಿಯಿಂದಲೇ ತೆಗೆದುಹಾಕುತ್ತದೆ. ಓನರ್ ಡಬ್ಬಿಯಲ್ಲಿ ಮೊದಲ ಸೂಚನೆ ಯಾವ ತಾರೀಖಿನದು ನೋಡಿ. ಮೂರು ವಾರ ಆಗಿಲ್ಲವಾದರೆ ಟಿಕ್ ತೆಗೆದರೆ ಸಾಕು. ಆಗಿಹೋಗಿದ್ದರೆ, ಹೋದವರಿಗೆ ದಿನಕ್ಕೆ ಇಪ್ಪತ್ತು ಜನರಂತೆ 'ಇನ್ವೈಟ್' ಕಳಿಸಿ, ಮೇಲೆ ಕನ್ನಡದಲ್ಲಿ ಎರಡು ಸಾಲು ಬರೆದು.