ನರಗುಂದದ ಬಾಬಾಸಾಹೇಬರು ಗಾದಿಗಾಗಿ ಮಾತ್ರ ಬಂಡೆದ್ದರಾ?

ಪ್ರಶ್ನೆ: ಮಗ ಧಾರವಾಡದಲ್ಲಿ ಪಿಯುಸಿ ಓದುತ್ತಾನೆ. ಚರ್ಚಾಸ್ಪರ್ಧೆಗೆ ನರಗುಂದದ ಬಾಬಾಸಾಹೇಬರ ವಿಷಯ ಕೊಟ್ಟಿದ್ದಾರೆ. "ದತ್ತು ತಗೋಳೋಕೆ ಬಿಟ್ಟಿದ್ದರೆ ಅವರು ಬಂಡೇಳುತ್ತಿದ್ದರಾ?" ಅಂತ ಕೇಳಿದ. ಏನು ಹೇಳಲಿ?
– ಓದುಗರು, ನವಲಗುಂದ

ಉತ್ತರ: ಬಹುಶಃ ಏಳುತ್ತಿರಲಿಲ್ಲ. ಇದನ್ನು ಒಪ್ಪಿಕೊಂಡೇ ಮಾತು ಶುರು ಮಾಡಲಿ. ಬಾಬಾಸಾಹೇಬರಿಗೆ, ಅಂದರೆ ನರಗುಂದ ಸಂಸ್ಥಾನದ ರಾಜ ಭಾಸ್ಕರರಾವ್ ಭಾವೆಯವರಿಗೆ, ವಾರಸುದಾರ ಇರಲಿಲ್ಲ. ದತ್ತು ತೆಗೆದುಕೊಳ್ಳಲು ಇಂಗ್ಲಿಷರು ಒಪ್ಪಲಿಲ್ಲ. ಅವರ ನಂತರ ಸಂಸ್ಥಾನ ಸೀದಾ ಕಂಪನಿ ಪಾಲು.

ಆದರೆ ಸಂಕಟ ಅವರೊಬ್ಬರದೇ ಆಗಿರಲಿಲ್ಲ. ಇನಾಂ ಜಮೀನುಗಳ ಹಕ್ಕು ಪರಿಶೀಲಿಸಲು ಇಂಗ್ಲಿಷರು ನೇಮಿಸಿದ್ದ ಇನಾಂ ಕಮಿಷನ್ ದೇಸಾಯರನ್ನೂ ಇನಾಂದಾರರನ್ನೂ ಕರೆದು ಸನದು, ಅಂದರೆ ಹಕ್ಕುಪತ್ರ, ತೋರಿಸಿ ಅನ್ನುತ್ತಿತ್ತು. ಕಾಗದ ಸರಿಯಿಲ್ಲ ಅಂದರೆ ಇನಾಂ ಹೋಯಿತು. ಅದರ ಮೇಲೆ ಆಯುಧ ಒಪ್ಪಿಸಿ ಎಂಬ ಹುಕುಂ ಬೇರೆ. 1857ರಲ್ಲಿ ಹಲಗಲಿಯ ಬೇಡರು ತಿರುಗಿಬಿದ್ದದ್ದು ಅದಕ್ಕೇ. ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಸತ್ತದ್ದೂ ನರಗುಂದ ಎದ್ದ ದಿನಗಳಲ್ಲೇ. ಇವರಿಗೆಲ್ಲ ದತ್ತುಮಗನ ಚಿಂತೆ ಇತ್ತಾ?

ಇನ್ನು, ಜಾಸ್ತಿ ಜಗಳ ಇರುವುದು 1858ರ ಮೇ 29ರ ರಾತ್ರಿಯ ಬಗ್ಗೆ. ಸಂಸ್ಥಾನಗಳ ಮೇಲ್ವಿಚಾರಣೆಯ ಇಂಗ್ಲಿಷ್ ಅಧಿಕಾರಿ, ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ರಾಮದುರ್ಗದಿಂದ ನರಗುಂದಕ್ಕೆ ಹೊರಟವನು ಸುರೇಬಾನದಲ್ಲಿ ತಂಗಿದ್ದ. ಪಲ್ಲಕ್ಕಿಯಲ್ಲೇ ಮಲಗಿದ್ದ. ಬಾಬಾಸಾಹೇಬರ ಜನ ಮುತ್ತಿ ಕೊಂದರು. ತಲೆ ತಂದು ನರಗುಂದದ ಅಗಸಿಗೆ ನೇತುಹಾಕಿದರು. ಮಲಗಿದವನ ಮೇಲೆ ಬಿದ್ದದ್ದು ನನಗೆ ಇವತ್ತಿಗೂ ಒಪ್ಪಿಗೆ ಇಲ್ಲ. ಅದನ್ನು ಮುಚ್ಚಿಟ್ಟು ಭಾಷಣ ಮಾಡಬೇಡ ಅಂತ ಮಗನಿಗೆ ಹೇಳಿ. ಅದರ ಬೆಲೆ ಏನು ಅಂತ ಬಾಬಾಸಾಹೇಬರಿಗೂ ಗೊತ್ತಿತ್ತು. ಜೂನ್ 1ಕ್ಕೆ ಇಂಗ್ಲಿಷರ ಪಡೆ ನರಗುಂದಕ್ಕೆ ಬಂತು. ಬಾಬಾಸಾಹೇಬರು ತಪ್ಪಿಸಿಕೊಂಡರು, ತೊರಗಲ್ಲಿನ ಕಾಡಿನಲ್ಲಿ ಸಿಕ್ಕಿಬಿದ್ದರು. ಹೆಂಡತಿ, ತಾಯಿ ಮಲಪ್ರಭೆಗೆ ಬಿದ್ದು ಪ್ರಾಣ ಬಿಟ್ಟರು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲು. ಆ ರಾತ್ರಿಯಿಂದ ಎಣಿಸಿದರೆ ಬರೀ ಎರಡು ವಾರ.

ಆದರ್ಶ ಏನಿತ್ತು ಅಂತ ಸ್ಪರ್ಧೆಯಲ್ಲಿ ಕೇಳಿಯೇ ಕೇಳುತ್ತಾರೆ. ಪ್ರಜೆಗಳ ರಾಜ್ಯ ಕಟ್ಟುವ ಕನಸನ್ನು ಸುಮ್ನೆ ಅವರ ತಲೆಗೆ ಕಟ್ಟುವುದು ಬೇಡ. ಅವರು ರಾಜರು, ಕೇಳಿದ್ದು ರಾಜನ ಹಕ್ಕು. ನಮ್ಮ ಮನೆಯ ವಾರಸು ಯಾರು ಅಂತ ಹೇಳೋಕೆ ನೀವ್ಯಾರು? ಅಷ್ಟೇ ಅವರ ಪ್ರಶ್ನೆ. ನನ್ನ ಪ್ರಕಾರ ಅದು ಸಣ್ಣ ಪ್ರಶ್ನೆ ಅಲ್ಲ. 1858ರ ನವೆಂಬರ್ 1ರಂದು ರಾಣಿಯ ಘೋಷಣೆ ಬಂತು, ಕಂಪನಿ ಆಡಳಿತವೇ ಮುಗಿಯಿತು. 1862ರಲ್ಲಿ ಇಂಗ್ಲಿಷರೇ ಸಂಸ್ಥಾನಿಕರಿಗೆ ದತ್ತಿನ ಹಕ್ಕಿನ ಸನದು ಕೊಟ್ಟರು. ಅದನ್ನು ಪಡೆಯಲು ನರಗುಂದ ಸಂಸ್ಥಾನ ಆಗ ಉಳಿದಿರಲಿಲ್ಲ.