ಹೇಳಿಕೆ–ವಾದ ಪ್ರಶ್ನೆ: ನಮಗೆ ಹಿಡಿಸದ ವಾದವೂ ಪ್ರಬಲ ಆಗಬಹುದು

ಸ್ಪರ್ಧಾತ್ಮಕ ಪರೀಕ್ಷೆಯ ಹೇಳಿಕೆ–ವಾದ ಪ್ರಶ್ನೆಗಳಲ್ಲಿ (ಒಂದು ವಿಷಯ ಕೊಟ್ಟು, ಅದಕ್ಕೆ ಹೌದು, ಇಲ್ಲ ಅನ್ನೋ ವಾದಗಳಲ್ಲಿ ಯಾವುದು ಪ್ರಬಲ ಅಂತ ಕೇಳುವ ಪ್ರಶ್ನೆ) ಎರಡೂ ವಾದ ಸರಿ ಅನಿಸುತ್ತವೆ, ಯಾವುದು ಪ್ರಬಲ, ಯಾವುದು ದುರ್ಬಲ ಅಂತ ಹೇಗೆ ಗುರುತಿಸೋದು ಅಂತ ಕೇಳಿದ್ದೀರಿ. ಮೊದಲಿಗೆ, ಎರಡೂ ಪ್ರಬಲ ಅನ್ನೋದೂ ಒಂದು ಆಯ್ಕೆಯೇ. ಒಂದು ಗೆದ್ದರೆ ಇನ್ನೊಂದು ಸೋಲಲೇಬೇಕು ಅಂತೇನಿಲ್ಲ.

ನಾನು ಸಿಂಧನೂರಿನಲ್ಲಿ ಹುಡುಗರಿಗೆ ರೀಸನಿಂಗ್ ಹೇಳಿಕೊಡುತ್ತೇನೆ. ಗೈಡ್‌ನ ಉದಾಹರಣೆ ತಲೆಗೆ ಹತ್ತದಿದ್ದಾಗ ನಮ್ಮ ಕಾಲುವೆ ಜಗಳವನ್ನೇ ಬೋರ್ಡ್ ಮೇಲೆ ಬರೆಯುತ್ತೇನೆ: "ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬೆಳೆಯುವುದನ್ನು ನಿಲ್ಲಿಸಬೇಕೆ?" ಆ ದಿನ ಕ್ಲಾಸಲ್ಲಿ ಯಾರಿಗೂ ನಿದ್ದೆ ಬರೋದಿಲ್ಲ!

ಬೇರೆ ಕಡೆಯವರಿಗಾಗಿ ಸ್ವಲ್ಪ ಹಿನ್ನೆಲೆ. ಈ ಕಾಲುವೆಯನ್ನು ಯೋಜಿಸಿದ್ದು ಮುಖ್ಯವಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರು ಸಾಕಾಗುವ ಅರೆ ಖುಷ್ಕಿ ಬೆಳೆಗೆ. ಈಗ ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತ ಎಲ್ಲಿ ನೋಡಿದರೂ ಭತ್ತ. ಮಾನ್ವಿ, ಸಿರವಾರ ಕಡೆಯ ಕೊನೆ ಭಾಗದವರು ನೀರಿಗಾಗಿ ರಸ್ತೆಗಿಳಿಯುತ್ತಾರೆ. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯವೂ ಹೂಳು ತುಂಬಿ 105 ಚಿಲ್ಲರೆಗೆ ಇಳಿದಿದೆ.

ಈಗ ವಾದಗಳು. "ಹೌದು, ಭತ್ತಕ್ಕೆ ಜಾಸ್ತಿ ನೀರು ಬೇಕು, ಅದರಿಂದ ಕೊನೆ ಭಾಗಕ್ಕೆ ನೀರು ಮುಟ್ಟೋದಿಲ್ಲ." ಇದು ಪ್ರಬಲ. ಕೇಳಿದ ಪ್ರಶ್ನೆಗೇ ನೇರ ಉತ್ತರ, ಕಾರಣ ಇದೆ, ಆಗೋ ನಷ್ಟವೂ ದೊಡ್ಡದು.

"ಇಲ್ಲ, ಗಂಗಾವತಿಯ ಸೋನಾ ಮಸೂರಿ ಹೆಸರುವಾಸಿ." ಮಾತು ನಿಜ, ವಾದ ದುರ್ಬಲ. ಹೆಚ್ಚಿನವರು ಎಡವೋದು ಇಲ್ಲೇ: ನಿಜ ಅಂತ ಕಂಡ ಕೂಡಲೇ ಪ್ರಬಲ ಅಂತ ಟಿಕ್ ಹಾಕಿಬಿಡುತ್ತಾರೆ. ಹೆಸರುವಾಸಿ ಆದರೇನು ಅಂತ ಕೇಳಿ ನೋಡಿ, ಉತ್ತರ ಇಲ್ಲ. ಅದೇ ಅಕ್ಕಿಯ ಮೇಲೆ ಇನ್ನೊಬ್ಬರು, "ಗಿರಣಿ, ಹಮಾಲರು, ನಾಟಿ ಕೂಲಿಯವರು ಎಲ್ಲ ಭತ್ತವನ್ನೇ ನಂಬಿದ್ದಾರೆ, ನಿಲ್ಲಿಸಿದರೆ ಅವರ ದುಡಿಮೆ ಹೋಗುತ್ತದೆ" ಅಂದರೆ? ಆಗ ಪ್ರಬಲ. ನಿರ್ಧಾರ ಮಾಡುವವರು ಅದನ್ನು ತಳ್ಳಿಹಾಕೋಕೆ ಆಗೋದಿಲ್ಲ.

"ಇಲ್ಲ, ವರ್ಷಗಟ್ಟಲೆ ನೀರು ನಿಂತು ಸವಳು-ಜವಳಾದ ಹೊಲದಲ್ಲಿ ಬೇರೆ ಬೆಳೆ ಏಳೋದು ಕಷ್ಟ" ಅನ್ನೋದೂ ಪ್ರಬಲವೇ. ನಮ್ಮ ಹೊಲ ಇರೋದು ಸಿರವಾರ ಕಡೆ, ಕೊನೆ ಭಾಗದಲ್ಲಿ. ನನಗೆ ಹಿತ ಅನಿಸೋದು "ಹೌದು" ಅನ್ನೋ ವಾದ. ಆದರೆ ಪರೀಕ್ಷೆಯಲ್ಲಿ ನನ್ನ ಹೊಲ ಎಲ್ಲಿದೆ ಅಂತ ಯಾರೂ ಕೇಳಿಲ್ಲ ಅಲ್ವಾ? ವಾದ ನಿಜ ಅಂತಲೇ ಇಟ್ಟುಕೊಳ್ಳಿ, ಅದರಿಂದ ನಿರ್ಧಾರದ ಮೇಲೆ ಪರಿಣಾಮ ಆಗುತ್ತದಾ ಅಂತ ಮಾತ್ರ ನೋಡಿ.

"ರೈತ ದೇಶದ ಬೆನ್ನೆಲುಬು", "ಬೇರೆ ರಾಜ್ಯದಲ್ಲೂ ಹೀಗೇ ಮಾಡಿದ್ದಾರೆ", "ಎಲ್ಲರೂ ಹಾಗೇ ಹೇಳ್ತಾರೆ" ಇಂಥವನ್ನು ಸುಮ್ನೆ ದುರ್ಬಲಕ್ಕೆ ಹಾಕಿ. ಇದೊಂದೇ ದಾರಿ ಅನ್ನುವ ವಾದದ ಬಗ್ಗೆ ಸ್ವಲ್ಪ ಹುಷಾರಾಗಿರಿ. ಕೊಪ್ಪಳ ಜಿಲ್ಲೆಯ ನವಲಿ ಬಳಿ ಸಮತೋಲನ ಜಲಾಶಯ (ಹೆಚ್ಚುವರಿ ನೀರು ಹಿಡಿದಿಡುವ ಇನ್ನೊಂದು ಜಲಾಶಯ) ಬೇಕೆ ಅಂದಾಗ, "ಹೌದು, ಹೂಳಿನಿಂದ ಕಡಿಮೆಯಾದ ಸಂಗ್ರಹವನ್ನು ಸರಿದೂಗಿಸಲು ನೆರವಾಗುತ್ತದೆ" ಅನ್ನೋದು ಪ್ರಬಲ. "ಹೌದು, ಬೇರೆ ದಾರಿಯೇ ಇಲ್ಲ" ಅನ್ನೋದು ದುರ್ಬಲ, ಯಾಕಂದ್ರೆ ಕಾಲುವೆ ದುರಸ್ತಿ, ಬೆಳೆ ಬದಲಾವಣೆ ಎಲ್ಲ ಇವೆ. "ಬೇಡ, ಜಮೀನು ಮುಳುಗಿ ರೈತರು ನೆಲೆ ಕಳೆದುಕೊಳ್ಳುತ್ತಾರೆ" ಅನ್ನೋದೂ ಪ್ರಬಲ.

ಗೈಡ್‌ಗಳ ಉತ್ತರವನ್ನು ಪೂರ್ತಿ ನಂಬಬೇಡಿ, ಒಂದೊಂದರಲ್ಲಿ ಒಂದೊಂದು ಥರ ಇರುತ್ತದೆ. ನೀವು ಬರೆಯೋ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆ ಮತ್ತು ಅಧಿಕೃತ ಕೀ ಉತ್ತರ ಇಟ್ಟುಕೊಂಡೇ ಅಭ್ಯಾಸ ಮಾಡಿ.