ನೊವಿ ಸಾದ್‌ನಲ್ಲಿ ಸಸ್ಯಾಹಾರಿ ಕನ್ನಡ ಕುಟುಂಬ: ದಿನಚರಿ ಮತ್ತು ಹಬ್ಬಗಳು

ಸೆರ್ಬಿಯಾದ ನೊವಿ ಸಾದ್ ನಗರದಲ್ಲಿ ನಿಮಗೆ ಕೆಲಸ ಸಿಕ್ಕಿದೆ, ಹೆಂಡತಿ ಮತ್ತು ಆರು ವರ್ಷದ ಮಗಳೊಂದಿಗೆ ಡಿಸೆಂಬರಿನಲ್ಲಿ ಹೊರಡುವವರಿದ್ದೀರಿ, ಮನೆಯವರೆಲ್ಲ ಸಸ್ಯಾಹಾರಿಗಳು. ಅಲ್ಲಿ ದಿನ ಕಳೆಯುವುದು ಹೇಗೆ, ಅಲ್ಲಿನವರು ತಮ್ಮ ಹಬ್ಬಗಳಿಗೆ ಹೊರಗಿನವರನ್ನು ಸೇರಿಸಿಕೊಳ್ಳುತ್ತಾರೆಯೇ ಎಂದು ಕೇಳಿದ್ದೀರಿ. ನಾನು ಹಾವೇರಿ ಜಿಲ್ಲೆಯವನು. 2019ರಿಂದ ಇದೇ ಊರಿನ ಲೀಮಾನ್ ಬಡಾವಣೆಯಲ್ಲಿ, ಡಾನ್ಯೂಬ್ ನದಿಗೆ ಹತ್ತು ನಿಮಿಷ ನಡೆದರೆ ಸಿಗುವ ಕಟ್ಟಡವೊಂದರ ನಾಲ್ಕನೆಯ ಅಂತಸ್ತಿನಲ್ಲಿ ಹೆಂಡತಿ ಮತ್ತು ಮಗನೊಂದಿಗೆ ವಾಸವಾಗಿದ್ದೇನೆ. ನಮ್ಮ ಮನೆಯಲ್ಲಿಯೂ ಮೊಟ್ಟೆ ಸಹ ಬೇಯಿಸುವುದಿಲ್ಲ.

ಕಾಗದಪತ್ರಗಳ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ನಾನು ಬಂದಾಗ ಭಾರತೀಯರು ವೀಸಾ ಇಲ್ಲದೆ 30 ದಿನ ಇರಬಹುದಿತ್ತು. 2023ರ ಜನವರಿ 1ರಿಂದ ಆ ಸೌಲಭ್ಯ ನಿಂತಿದೆ. 2024ರ ಫೆಬ್ರವರಿಯಿಂದ ವಾಸ ಮತ್ತು ಉದ್ಯೋಗ ಎರಡಕ್ಕೂ ಸೇರಿ ಒಂದೇ ಪರವಾನಗಿ ಕೊಡುತ್ತಿರುವುದರಿಂದ ಅಲೆದಾಟ ಕಡಿಮೆಯಾಗಿದೆ. ಆದರೆ ಬಂದ 24 ಗಂಟೆಗಳೊಳಗೆ ನಿಮ್ಮ ವಿಳಾಸ ಪೊಲೀಸರಲ್ಲಿ ನೋಂದಣಿಯಾಗಬೇಕು. ಆಗ ಸಿಗುವ ದಾಖಲೆಗೆ ಇಲ್ಲಿ ‘ಬಿಳಿ ಕಾರ್ಡು’ ಎನ್ನುತ್ತಾರೆ. ನಮ್ಮ ಮೊದಲ ಮನೆಯ ಮಾಲೀಕರು ಇವತ್ತು ನಾಳೆ ಎಂದು ಒಂದು ವಾರ ತಳ್ಳಿದರು. ಆಮೇಲೆ ಪೊಲೀಸ್ ಠಾಣೆಯಲ್ಲಿ ತಲೆ ತಗ್ಗಿಸಿ ನಿಂತವನು ನಾನು. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಈ ಮಾತನ್ನು ಇತ್ಯರ್ಥ ಮಾಡಿಕೊಳ್ಳಿ.

ಊಟದ ಬಗ್ಗೆ ನಿಮಗಿರುವ ಭಯ ಅರ್ಧ ನಿಜ, ಅರ್ಧ ಸುಳ್ಳು. ಹೋಟೆಲಿನಲ್ಲಿ ‘ಸಸ್ಯಾಹಾರಿ’ ಎಂದು ಹೇಳಿದಾಗ, ಹಂದಿಮಾಂಸ ಬೇಡವೆಂದಷ್ಟೇ ಅರ್ಥ ಮಾಡಿಕೊಂಡು ಕೋಳಿ ತಂದಿಟ್ಟದ್ದುಂಟು. ಇಲ್ಲಿ ನಡೆಯುವ ಮಾತು ‘ಪೋಸ್ನೊ’. ಸೆರ್ಬಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಕ್ರಿಸ್‌ಮಸ್ಸಿಗೆ ಮುಂಚೆ, ಈಸ್ಟರಿಗೆ ಮುಂಚೆ, ಶ್ರದ್ಧೆಯುಳ್ಳವರು ವರ್ಷವಿಡೀ ಬುಧವಾರ ಮತ್ತು ಶುಕ್ರವಾರಗಳಂದು ಸಹ, ಮಾಂಸ, ಹಾಲು, ಮೊಟ್ಟೆಗಳನ್ನು ಬಿಟ್ಟು ಉಪವಾಸ ಹಿಡಿಯುತ್ತಾರೆ. ಆ ನೇಮಕ್ಕೆ ಸಲ್ಲುವ ಅಡಿಗೆಯೇ ಪೋಸ್ನೊ. ಬೇಕರಿಗೆ ಹೋಗಿ ಈ ಪದ ಹೇಳಿದರೆ ಎಲೆಕೋಸಿನ ಪಿಟಾ (ತೆಳು ಹಿಟ್ಟಿನ ಹಾಳೆಗಳಲ್ಲಿ ಹೂರಣ ತುಂಬಿ ಬೇಯಿಸಿದ ತಿಂಡಿ), ಆಲೂಗಡ್ಡೆಯ ಪಿಟಾ, ಮೊಟ್ಟೆ ಹಾಕದ ಕೇಕು ಎಲ್ಲವನ್ನೂ ತೋರಿಸುತ್ತಾರೆ. ಕ್ರಿಸ್‌ಮಸ್ ಉಪವಾಸ ನವೆಂಬರ್ 28ರಿಂದ ನಲವತ್ತು ದಿನ ನಡೆಯುವುದರಿಂದ ನೀವು ಬಂದಿಳಿಯುವುದು ಒಳ್ಳೆಯ ಕಾಲದಲ್ಲಿಯೇ. ಒಂದು ಎಚ್ಚರಿಕೆ ಬೇಕು: ಉಪವಾಸದ ಎಷ್ಟೋ ದಿನಗಳಲ್ಲಿ ಮೀನು ನಿಷಿದ್ಧವಲ್ಲ, ಹೀಗಾಗಿ ಮೀನು ಸಹ ಪೋಸ್ನೊ. ‘ಬೆಜ್ ರಿಬೆ’, ಅಂದರೆ ಮೀನಿಲ್ಲದೆ, ಎಂಬ ಮಾತನ್ನೂ ಜೊತೆಗೆ ಕಲಿತುಕೊಳ್ಳಿ. ಇನ್ನು ಮೊಸರು: ಅಂಗಡಿಯಲ್ಲಿ ‘ಯೋಗುರ್ತ್’ ಎಂದು ಕೊಡುವುದು ಕುಡಿಯುವಷ್ಟು ತೆಳ್ಳಗಿರುತ್ತದೆ. ಮೊಸರನ್ನಕ್ಕೆ ‘ಕಿಸೆಲೊ ಮ್ಲೆಕೊ’ ಎಂದು ಕೇಳಬೇಕು. ಇದನ್ನು ತಿಳಿಯಲು ನಮಗೆ ನಾಲ್ಕು ತಿಂಗಳು ಹಿಡಿಯಿತು.

ಭಾಷೆಗೆ ಹೆದರಬೇಡಿ. ಸೆರ್ಬಿಯನ್ನಿಗೆ ಸಿರಿಲಿಕ್ ಮತ್ತು ಲ್ಯಾಟಿನ್ ಎಂಬ ಎರಡು ಲಿಪಿಗಳಿದ್ದರೂ, 19ನೆಯ ಶತಮಾನದಲ್ಲಿ ವೂಕ್ ಕರಾಜಿಚ್ ಎಂಬ ಭಾಷಾಪಂಡಿತ ಮಾಡಿದ ಸುಧಾರಣೆಯಿಂದಾಗಿ, ನುಡಿದಂತೆ ಬರೆಯುವುದು ಮತ್ತು ಬರೆದಂತೆ ಓದುವುದು ಇಲ್ಲಿನ ನಿಯಮ. ಕನ್ನಡಿಗರಿಗೆ ಇದು ಹೊಸದಲ್ಲ. ಏಳು ವಿಭಕ್ತಿಗಳಿವೆ ಎಂದು ಇಂಗ್ಲಿಷಿನವರು ಗೋಳಾಡುವಾಗ ನಾವು ಸುಮ್ಮನೆ ಕುಳಿತಿರಬಹುದು. ಸಂಬೋಧನೆಯೂ ಆ ಏಳರಲ್ಲಿ ಸೇರಿದೆ. ಕೆಳಗಿನ ಅಂಗಡಿಯ ಹಿರಿಯರು ನನ್ನನ್ನು ಕರೆಯುವಾಗ ಹೆಸರಿನ ಕೊನೆಗೆ ಒಂದು ‘ಎ’ಕಾರ ಸೇರಿಸುತ್ತಾರೆ, ನಮ್ಮ ‘ಹುಡುಗನೇ’, ‘ಅಣ್ಣನೇ’ಗಳಲ್ಲಿ ಬರುವ ಸ್ವರದಂತೆಯೇ ಅದು ಕೇಳಿಸಿ, ಮೊದಲ ಸಲ ಊರವರು ಯಾರೋ ಕೂಗಿದಂತಾಗಿ ತಿರುಗಿ ನೋಡಿದ್ದೆ.

ಇಲ್ಲಿನ ಬದುಕಿನ ಬಾಗಿಲು ನೆರೆಮನೆಯ ಕಡೆಯಿಂದ ತೆರೆಯುತ್ತದೆ. ನೆರೆಯವನು ‘ಕೊಮ್ಶಿಯಾ’, ನೆರೆಯವಳು ‘ಕೊಮ್ಶಿನಿತ್ಸಾ’. ಹೆಸರು ಗೊತ್ತಿಲ್ಲದಿದ್ದರೂ ಲಿಫ್ಟಿನಲ್ಲಿ ಹೀಗೆಯೇ ಮಾತನಾಡಿಸುತ್ತಾರೆ. ನಮ್ಮ ಮೇಲಿನ ಅಂತಸ್ತಿನ ವೃದ್ಧೆಯನ್ನು ಮಗ ‘ಬಾಬಾ’ ಎನ್ನುತ್ತಾನೆ. ಇಲ್ಲಿ ಬಾಬಾ ಎಂದರೆ ಅಜ್ಜಿ. ನಮ್ಮ ಮನೆಯ ಎದುರುಬದುರಿನ ಎರಡು ಕಿಟಕಿಗಳು ಒಟ್ಟಿಗೆ ತೆರೆದಿರುವುದನ್ನು ಕಂಡರೆ ಆಕೆ ಗಾಬರಿಯಾಗುತ್ತಾರೆ. ಹಾಗೆ ಹಾಯ್ದುಹೋಗುವ ಗಾಳಿಗೆ ‘ಪ್ರೊಮಾಯಾ’ ಎಂದು ಹೆಸರು. ಕುತ್ತಿಗೆ ನೋವಿನಿಂದ ನೆಗಡಿಯವರೆಗೆ ಎಲ್ಲ ಕಾಯಿಲೆಗೂ ಅದೇ ಕಾರಣವೆಂದು ದೇಶಕ್ಕೆ ದೇಶವೇ ನಂಬಿದೆ. ವಾದಿಸಬೇಡಿ, ಒಂದು ಕಿಟಕಿ ಮುಚ್ಚಿ.

ಹಬ್ಬಗಳ ವಿಷಯಕ್ಕೆ ಬಂದರೆ, ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ‘ಸ್ಲಾವಾ’. ಪ್ರತಿಯೊಂದು ಮನೆತನಕ್ಕೂ ಒಬ್ಬ ಸಂತನಿರುತ್ತಾನೆ. ತಂದೆಯಿಂದ ಮಗನಿಗೆ ಬರುವ ಆ ಸಂತನ ದಿನವನ್ನು ಮನೆಯಲ್ಲಿಯೇ ಆಚರಿಸುತ್ತಾರೆ. ನಮ್ಮ ಮನೆದೇವರಿಗೆ ಇಷ್ಟು ಹತ್ತಿರದ ಇನ್ನೊಂದು ಪದ್ಧತಿಯನ್ನು ಯುರೋಪಿನಲ್ಲಿ ನಾನು ಕಂಡಿಲ್ಲ. 2014ರಲ್ಲಿ ಯುನೆಸ್ಕೊ ಇದನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಡಿಸೆಂಬರ್ 19ರ ಸಂತ ನಿಕೊಲಾನ ಸ್ಲಾವಾ ಎಲ್ಲಕ್ಕಿಂತ ಹೆಚ್ಚು ಮನೆಗಳಲ್ಲಿ ನಡೆಯುವಂಥದು. ಅಂದು ಅರ್ಧ ಸೆರ್ಬಿಯಾ ಹಬ್ಬ ಮಾಡುತ್ತದೆ, ಉಳಿದರ್ಧ ಅವರ ಮನೆಗೆ ಊಟಕ್ಕೆ ಹೋಗುತ್ತದೆ ಎಂದು ಇಲ್ಲಿನವರೇ ನಗುತ್ತಾರೆ.

ಮೊದಲ ವರ್ಷ ಬಾಬಾ ನಮ್ಮನ್ನು ಕರೆದಿದ್ದರು. ಬಾಗಿಲಲ್ಲಿ ಅವರ ಮಗ ತಟ್ಟೆಯೊಂದನ್ನು ಹಿಡಿದು ನಿಂತಿದ್ದರು. ಅದರಲ್ಲಿ ‘ಝಿತೊ’, ಅಂದರೆ ಬೇಯಿಸಿ ಅರೆದ ಗೋಧಿಗೆ ಸಕ್ಕರೆ ಮತ್ತು ಅಕ್ರೋಟಿನ ಪುಡಿ ಬೆರೆಸಿದ ಸಿಹಿ. ಪಕ್ಕದಲ್ಲಿ ಒಂದಿಷ್ಟು ಚಮಚಗಳು, ನೀರಿದ್ದ ಒಂದು ಗಾಜಿನ ಲೋಟ. ಗೋಧಿ ಹುಗ್ಗಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಯೋಚಿಸದೆ ಪ್ರಸಾದಕ್ಕೆ ಒಡ್ಡುವಂತೆ ಬಲಗೈ ಒಡ್ಡಿದೆ. ಆತ ಅಂಗೈಯನ್ನೂ ನನ್ನ ಮುಖವನ್ನೂ ಒಂದು ಗಳಿಗೆ ನೋಡಿ, ಗಂಭೀರವಾಗಿ ಒಂದು ಚಮಚ ಝಿತೊವನ್ನು ಅಂಗೈಯಲ್ಲಿಯೇ ಇಟ್ಟರು. ಸರಿಯಾದ ಕ್ರಮವೆಂದರೆ ಚಮಚದಲ್ಲಿ ಒಂದೇ ಒಂದು ತುತ್ತು ತಿಂದು, ಆ ಎಂಜಲು ಚಮಚವನ್ನು ನೀರಿನ ಲೋಟದಲ್ಲಿ ಬಿಡುವುದು. ಒಳಗೆ ಮೇಣದ ಬತ್ತಿ ಉರಿಯುತ್ತಿತ್ತು, ಹಿಟ್ಟಿನ ಹೂಬಳ್ಳಿಗಳಿಂದ ಅಲಂಕರಿಸಿದ ದುಂಡನೆಯ ಸ್ಲಾವಾ ರೊಟ್ಟಿಗೆ ಕೆಂಪು ದ್ರಾಕ್ಷಾರಸ ಸುರಿದು ಮುರಿದಾಗಿತ್ತು. ಸಂತ ನಿಕೊಲಾನ ದಿನ ಉಪವಾಸದೊಳಗೆ ಬರುವುದರಿಂದ ಮೇಜಿನ ತುಂಬ ಮೀನು. ಆದರೂ ಬಿಳಿ ಬೀನ್ಸ್ ಕಾಳನ್ನು ಈರುಳ್ಳಿಯೊಂದಿಗೆ ಒಲೆಯಲ್ಲಿ ಬೇಯಿಸಿದ ‘ಪ್ರೆಬ್ರಾನಾತ್ಸ್’, ಎಲೆಕೋಸಿನಲ್ಲಿ ಅಕ್ಕಿ ಸುತ್ತಿದ ಪೋಸ್ನೊ ಸಾರ್ಮಾ ಎರಡರಲ್ಲಿಯೇ ನಮ್ಮ ಹೊಟ್ಟೆ ತುಂಬಿತು.

ಎರಡನೆಯ ವರ್ಷ ಕರೆ ಬರಲಿಲ್ಲ, ನಾವು ಹೋಗಲಿಲ್ಲ. ಮರುದಿನ ಲಿಫ್ಟಿನಲ್ಲಿ ಸಿಕ್ಕ ಬಾಬಾ ನನ್ನೊಡನೆ ಮಾತೇ ಆಡಲಿಲ್ಲ. ಸ್ಲಾವಾಕ್ಕೆ ಕರೆಯುವ ಪದ್ಧತಿಯೇ ಇಲ್ಲ, ಒಮ್ಮೆ ಬಂದವರು ಪ್ರತಿ ವರ್ಷ ತಾವಾಗಿಯೇ ಬರಬೇಕು ಎಂಬುದು ಸಹೋದ್ಯೋಗಿಯೊಬ್ಬರು ಬಿಡಿಸಿ ಹೇಳಿದಾಗಲೇ ತಿಳಿಯಿತು. ಕರೆಯದ ಮನೆಗೆ ಹೋಗಬಾರದೆಂದು ಕಲಿತ ನಮಗೆ ಇದು ತಲೆಕೆಳಗು. ಹೂವು ಒಯ್ಯುವುದಾದರೆ ಬೆಸ ಸಂಖ್ಯೆಯಲ್ಲಿರಲಿ. ಸಮಸಂಖ್ಯೆಯ ಹೂವು ಸಾವಿನ ಮನೆಗೆ.

ಚರ್ಚು ಇನ್ನೂ ಹಳೆಯ ಜೂಲಿಯನ್ ಪಂಚಾಂಗವನ್ನು ಅನುಸರಿಸುವುದರಿಂದ ಕ್ರಿಸ್‌ಮಸ್ 13 ದಿನ ತಡವಾಗಿ ಜನವರಿ 7ಕ್ಕೆ ಬರುತ್ತದೆ. ಹಿಂದಿನ ಸಂಜೆ ಚರ್ಚುಗಳ ಮುಂದೆ ‘ಬಾದ್ನ್ಯಾಕ್’ ಎಂಬ ಓಕ್ ಕೊಂಬೆಗಳನ್ನು ಸುಡುತ್ತಾರೆ. ನಮ್ಮಂಥ ಅಪಾರ್ಟ್‌ಮೆಂಟಿನವರಿಗೆ ಮಾರುಕಟ್ಟೆಯಲ್ಲಿ ಹುಲ್ಲು ಸೇರಿಸಿ ಕಟ್ಟಿದ ಸಣ್ಣ ಕಂತೆ ಸಿಗುತ್ತದೆ. ಹಬ್ಬದ ‘ಚೆಸ್ನಿತ್ಸಾ’ದೊಳಗೆ ಒಂದು ನಾಣ್ಯ ಅಡಗಿರುತ್ತದೆ. ದೇಶದ ಉಳಿದ ಕಡೆ ಅದು ರೊಟ್ಟಿ. ನಮ್ಮ ವೊಯ್ವೊದಿನಾ ಪ್ರಾಂತದಲ್ಲಿ ತೆಳು ಹಾಳೆಗಳ ನಡುವೆ ಜೇನು, ಅಕ್ರೋಟು ತುಂಬಿದ ಸಿಹಿ. ನಿಮ್ಮ ಮಗಳಿಗೆ ನಾಣ್ಯ ಸಿಕ್ಕರೆ ಆ ವರ್ಷದ ಅದೃಷ್ಟ ಅವಳದು.

ಬೇಸಿಗೆಯಲ್ಲಿ ಊರಿಗೆ ಊರೇ ಡಾನ್ಯೂಬ್ ದಂಡೆಯ ‘ಷ್ಟ್ರಾಂಡ್’ ಎಂಬ ಮರಳು ತೀರದಲ್ಲಿ ಮಲಗಿರುತ್ತದೆ. ಎದುರು ದಡದ ಪೆಟ್ರೊವರಾದಿನ್ ಕೋಟೆಯ ಗಡಿಯಾರದಲ್ಲಿ ಉದ್ದದ ಮುಳ್ಳು ಗಂಟೆಯನ್ನೂ ಗಿಡ್ಡ ಮುಳ್ಳು ನಿಮಿಷವನ್ನೂ ತೋರಿಸುತ್ತದೆ, ದೋಣಿಯವರಿಗೆ ದೂರದಿಂದ ಕಾಣಲೆಂದು. ಮಗಳಿಗೆ ಗಡಿಯಾರ ನೋಡುವುದನ್ನು ಕಲಿಸಲು ಅದನ್ನು ಬಳಸಬೇಡಿ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಸೆಪ್ಟೆಂಬರ್. ಮಾರುಕಟ್ಟೆಗೆ ಮೂಟೆಗಟ್ಟಲೆ ಕೆಂಪು ಮೆಣಸಿನಕಾಯಿ ಬರುತ್ತದೆ. ಅದನ್ನು ಅಂಗಳದಲ್ಲಿ ಸುಟ್ಟು, ಸಿಪ್ಪೆ ಸುಲಿದು, ಅರೆದು, ಗಂಟೆಗಟ್ಟಲೆ ತೊಳಸಿ ‘ಐವಾರ್’ ಮಾಡಿಡುತ್ತಾರೆ. ಬಣ್ಣ ನಮ್ಮ ಬ್ಯಾಡಗಿಯದೇ, ಖಾರ ಮಾತ್ರ ಸೊನ್ನೆ. ಚಪಾತಿಗೆ ಹಚ್ಚಿಕೊಂಡು ತಿನ್ನುವಾಗ ಮೇಲೆ ನಾವು ಚಿಟಿಕೆ ಬ್ಯಾಡಗಿ ಪುಡಿ ಉದುರಿಸುತ್ತೇವೆ.

ನೀವು ಕೇಳದಿದ್ದರೂ ಒಂದು ಸಂಗತಿ ಹೇಳಬೇಕು. 2024ರ ನವೆಂಬರ್ 1ರಂದು ಬೆಳಿಗ್ಗೆ 11 ಗಂಟೆ 52 ನಿಮಿಷಕ್ಕೆ ಇಲ್ಲಿನ ರೈಲು ನಿಲ್ದಾಣದ ಕಾಂಕ್ರೀಟ್ ಚಾವಣಿ ಕುಸಿದು, ಒಟ್ಟು 16 ಜನರು ಪ್ರಾಣ ಕಳೆದುಕೊಂಡರು. ಬೆಲ್‌ಗ್ರೇಡಿನ ವೇಗದ ರೈಲಿಗಾಗಿ ನಾನು ಎಷ್ಟೋ ಸಲ ಹಾದುಹೋದ ಜಾಗವದು. ಆಮೇಲಿನ ತಿಂಗಳುಗಳಲ್ಲಿ ಅದೇ ಹೊತ್ತಿಗೆ ವಿದ್ಯಾರ್ಥಿಗಳು, ಅವರೊಂದಿಗೆ ಊರಿನವರು, ರಸ್ತೆಗಿಳಿದು ಮೌನವಾಗಿ ನಿಲ್ಲುತ್ತಿದ್ದರು. ಅಂಥ ಕಡೆ ಸಿಕ್ಕಿಕೊಂಡರೆ ಹಾರ್ನ್ ಮಾಡದೆ, ಫೋಟೊ ತೆಗೆಯದೆ ನಿಂತುಬಿಡಿ.

ಸಾಮಾನು ಕಟ್ಟುವಾಗ ತೊಗರಿಬೇಳೆ, ಹುಣಸೆಹಣ್ಣು, ಸಾರಿನ ಪುಡಿಗಳಿಗೆ ಜಾಗ ಮಾಡಿ. ಉಣ್ಣೆಯ ಬಟ್ಟೆ ಇಲ್ಲಿ ಕೊಳ್ಳಿ, ಊರಿನ ಸ್ವೆಟರ್ ಇಲ್ಲಿನ ಜನವರಿಗೆ ಸಾಲದು. ಬಹುತೇಕ ಮನೆಗಳಲ್ಲಿ ಗ್ಯಾಸ್ ಇಲ್ಲ, ವಿದ್ಯುತ್ ಒಲೆಯ ಚಪ್ಪಟೆ ಬಿಲ್ಲೆಗಳಿರುತ್ತವೆ. ಆದ್ದರಿಂದ ದುಂಡು ತಳದ ಬಾಣಲೆಯನ್ನು ಅಲ್ಲಿಯೇ ಬಿಟ್ಟು, ಚಪ್ಪಟೆ ತಳದ ದಪ್ಪ ಕಬ್ಬಿಣದ ಹಂಚು, ಕುಕ್ಕರು ಮತ್ತು ಅದರ ಎರಡು ಹೆಚ್ಚುವರಿ ಗ್ಯಾಸ್ಕೆಟ್ಟುಗಳನ್ನು ಮರೆಯದೆ ತನ್ನಿ.